ಫೇಡರುಗಳ ಮೇಲೆ ನುಡಿಸಿದ ಕೋರಸ್: ‘ಐ ಆಮ್ ನಾಟ್ ಇನ್ ಲವ್’ ಕಟ್ಟಿದ ಬಗೆ

1975ರ ಮೇ ತಿಂಗಳಲ್ಲಿ ಇಂಗ್ಲೆಂಡಿನ 10ಸಿಸಿ ತಂಡ ‘ಐ ಆಮ್ ನಾಟ್ ಇನ್ ಲವ್’ ಹಾಡನ್ನು ಸಿಂಗಲ್ ಆಗಿ ಹೊರತಂದಿತು. ಬ್ರಿಟನ್ನಿನ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನ. ಐರ್ಲೆಂಡ್, ಕೆನಡಾಗಳಲ್ಲೂ ಮೊದಲ ಸ್ಥಾನ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮಾತ್ರ ಮೂರು ವಾರ ಎರಡನೆಯದಾಗಿಯೇ ಉಳಿಯಿತು. ಆ ಮೂರು ವಾರ ಮೇಲೆ ಕೂತದ್ದೂ ಒಂದೇ ಹಾಡಲ್ಲ: ವ್ಯಾನ್ ಮೆಕಾಯ್ ಅವರ ‘ದ ಹಸಲ್’, ಈಗಲ್ಸ್ ತಂಡದ ‘ಒನ್ ಆಫ್ ದೀಸ್ ನೈಟ್ಸ್’, ಬೀ ಜೀಸ್ ತಂಡದ ‘ಜೈವ್ ಟಾಕಿನ್’, ವಾರಕ್ಕೊಂದರಂತೆ. ಈಗಿನ ಹುಡುಗರಲ್ಲಿ ಎಷ್ಟೋ ಜನ ಇದನ್ನು ಮೊದಲು ಕೇಳಿದ್ದು 2014ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ ಸಿನಿಮಾದ ಮೊದಲ ದೃಶ್ಯದಲ್ಲಿ, ಆಸ್ಪತ್ರೆಯಲ್ಲಿ ಕೂತ ಹುಡುಗನ ವಾಕ್‌ಮನ್‌ನಿಂದ.

ಮುಖ್ಯ ಗಾಯಕನ ದನಿಯ ಹಿಂದೆ ಶುರುವಿನಿಂದ ಕೊನೆವರೆಗೆ ಹಾಸಿಕೊಂಡಿರುವ ಆ ‘ಆ…’ ಏನು ಎಂಬುದೇ ಈ ಬರಹದ ವಿಷಯ. ಸಿಂಥಸೈಜರ್ ಅಂದುಕೊಳ್ಳುವವರಿದ್ದಾರೆ, ಮೆಲೊಟ್ರಾನ್ (ಟೇಪಿನಲ್ಲಿ ತುಂಬಿಟ್ಟ ಸದ್ದುಗಳನ್ನು ನುಡಿಸುವ ಕೀಬೋರ್ಡ್) ಅನ್ನುವವರೂ ಇದ್ದಾರೆ. ಎರಡೂ ಅಲ್ಲ. ಮೂರು ಗಂಡಸರ ಗಂಟಲು, ಕತ್ತರಿಸಿ ಅಂಟಿಸಿದ ಟೇಪು, ಸದ್ದುಗಳ ಮಟ್ಟ ಹೊಂದಿಸಿ ಬೆರೆಸುವ ಒಂದು ಮಿಕ್ಸಿಂಗ್ ಡೆಸ್ಕ್, ಇಷ್ಟರಿಂದಲೇ ಕಟ್ಟಿದ್ದು. ಕಟ್ಟಿದ ರೀತಿ ಗೊತ್ತಾದರೆ ಇವತ್ತು ಲ್ಯಾಪ್‌ಟಾಪಿನಲ್ಲಿ ಯಾರು ಬೇಕಾದರೂ ಮಾಡಬಹುದು. ಆದರೆ ಸುಲಭವೆಂದು ಆರಿಸಿಕೊಳ್ಳುವ ಪ್ರತಿಯೊಂದು ಅಡ್ಡದಾರಿಯೂ ಇಲ್ಲಿ ಕೆಲಸ ಕೆಡಿಸುತ್ತದೆ.

ಮ್ಯಾಂಚೆಸ್ಟರ್ ಪಕ್ಕದ ಸ್ಟಾಕ್‌ಪೋರ್ಟ್ ಊರಿನ ಸ್ಟ್ರಾಬೆರಿ ಸ್ಟುಡಿಯೋದಲ್ಲಿ ಇದರ ರೆಕಾರ್ಡಿಂಗ್ ನಡೆಯಿತು. ತಂಡದ ಎರಿಕ್ ಸ್ಟುವರ್ಟ್ ಆ ಸ್ಟುಡಿಯೋದ ಪಾಲುದಾರ, ಸೌಂಡ್ ಎಂಜಿನಿಯರ್ ಕೂಡ. ಗಂಟೆಗಿಷ್ಟು ಎಂದು ಬಾಡಿಗೆ ಕಟ್ಟುವ ತಂಡವೊಂದು ಬರೀ ‘ಆ’ಕಾರಕ್ಕೆ ಮೂರು ವಾರ ಸುರಿಯುವುದು ಕನಸಿನ ಮಾತು, ಇವರಿಗೆ ಜಾಗ ಸ್ವಂತದ್ದು, ಅದಕ್ಕೇ ಸಾಧ್ಯವಾಯಿತು. ಹಾಡು ಬರೆದದ್ದು ಸ್ಟುವರ್ಟ್ ಮತ್ತು ಗ್ರಹಾಂ ಗೌಲ್ಡ್‌ಮನ್. ಪ್ರೀತಿಸುತ್ತೇನೆ ಎಂದು ಬಾಯಿಬಿಟ್ಟು ಹೇಳುವುದೇ ಇಲ್ಲ ಎಂಬ ಹೆಂಡತಿಯ ದೂರು ಇದಕ್ಕೆ ಬೀಜ ಎಂದು ಸ್ಟುವರ್ಟ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಮೊದಲು ಅದು ಗಿಟಾರ್ ಮೇಲಿನ ಬೊಸ್ಸಾ ನೋವಾ, ಅಂದರೆ ಬ್ರೆಜಿಲ್ ಶೈಲಿಯ ಹಾಡು. ತಂಡದ ಉಳಿದಿಬ್ಬರಾದ ಕೆವಿನ್ ಗಾಡ್ಲಿ ಮತ್ತು ಲೋಲ್ ಕ್ರೀಮ್‌ಗೆ ಅದು ಚೂರೂ ಹಿಡಿಸಲಿಲ್ಲ. ಹಾಡು ಮೂಲೆಗೆ ಬಿತ್ತು, ಟೇಪನ್ನೂ ಅಳಿಸಿಬಿಟ್ಟರು. ಆದರೆ ಸ್ಟುಡಿಯೋದ ಸಿಬ್ಬಂದಿ ಅದೇ ರಾಗ ಗುನುಗುತ್ತಿದ್ದದ್ದು ಸ್ಟುವರ್ಟ್ ಕಿವಿಗೆ ಬಿತ್ತು. ಮತ್ತೆ ಮಾಡೋಣ ಎಂಬ ಮಾತು ಬಂದಾಗ, ವಾದ್ಯಗಳನ್ನು ಬಿಟ್ಟು ಬರೀ ದನಿಗಳಲ್ಲೇ ಮಾಡೋಣ ಎಂದದ್ದು, ಹಾಡನ್ನು ಬೇಡವೆಂದಿದ್ದ ಗಾಡ್ಲಿಯೇ.

ನಾಲ್ಕು ಜನರ ತಂಡಕ್ಕೆ ದೊಡ್ಡ ಕೋರಸ್ ಎಲ್ಲಿಂದ ಬರಬೇಕು? ಗೌಲ್ಡ್‌ಮನ್, ಗಾಡ್ಲಿ, ಕ್ರೀಮ್ ಮೂವರೂ ಒಂದೇ ಸ್ವರವನ್ನು ‘ಆ’ ಎಂದು 16 ಸಲ ಹಾಡಿದರು. ಮೂರು ಗುಣಿಸು 16, ಅಂದರೆ ಒಂದು ಸ್ವರಕ್ಕೆ 48 ದನಿ. ಹೀಗೇ ಆಕ್ಟೇವಿನ ಒಂದೊಂದು ಸ್ವರಕ್ಕೂ. 12 ಸ್ವರ ಲೆಕ್ಕ ಹಿಡಿದರೆ 576 ದನಿ. ಮೇಲಿನ ಷಡ್ಜವನ್ನೂ ಸೇರಿಸಿ 13 ಎನ್ನುವವರು 624 ಎನ್ನುತ್ತಾರೆ. ಎಷ್ಟೋ ಕಡೆ 256 ಎಂದೂ ಅಚ್ಚಾಗಿದೆ. ಸಂಖ್ಯೆಗೆ ಜಗಳ ಬೇಡ. ಸ್ವರಕ್ಕೆ 48 ಎಂಬುದೇ ನಮಗೆ ಬೇಕಾದದ್ದು.

ಮುಂದಿನ ತೊಡಕು ಉಸಿರು. ಹಾಡು ಆರು ನಿಮಿಷದ್ದು; ಮನುಷ್ಯ ಒಂದು ಸ್ವರ ಹಿಡಿಯುವುದು ಸಾಮಾನ್ಯವಾಗಿ ಹತ್ತು ಹದಿನೈದು ಸೆಕೆಂಡು. ಟೇಪ್ ಲೂಪ್ ಮಾಡೋಣ ಎಂದು ಕ್ರೀಮ್ ಸೂಚಿಸಿದರು. 48 ದನಿಗಳನ್ನು ಸ್ಟೀರಿಯೋಗೆ ಇಳಿಸಿ, ಆ ಟೇಪಿನ ತುಂಡಿನ ತಲೆಗೆ ಬಾಲ ಅಂಟಿಸಿ ಬಳೆ ಮಾಡುವುದು. ಸ್ಟುವರ್ಟ್ ಮಾಡಿದ ಲೂಪ್ ಸುಮಾರು 12 ಅಡಿ ಉದ್ದ. ಅಷ್ಟು ಉದ್ದದ ಬಳೆ ರೆಕಾರ್ಡರಿನ ಮೇಲೆ ಕೂರುವುದಿಲ್ಲವಲ್ಲ. ಹಾಗಾಗಿ ಒಂದು ತುದಿ ರೆಕಾರ್ಡರಿನ ಹೆಡ್‌ಗಳ ಮೇಲೆ, ಇನ್ನೊಂದು ತುದಿ ಮೈಕ್ ಸ್ಟ್ಯಾಂಡಿನ ತಲೆಗೆ ಬಿಗಿದ ರೋಲರ್ ಸುತ್ತ. ಸ್ಟ್ಯಾಂಡನ್ನು ಹಿಂದಕ್ಕೆ ಎಳೆದಿಟ್ಟರೆ ಟೇಪು ಬಿಗಿ. ಬಿಗಿ ಕಡಿಮೆಯಾದರೆ ಟೇಪು ಹೆಡ್ಡಿಗೆ ಸರಿಯಾಗಿ ತಾಗದೆ ಮೇಲಿನ ಕಂಪನಗಳು ಮಂಕಾಗುತ್ತವೆ, ವೇಗ ಅಲುಗಾಡಿ ಶ್ರುತಿಯೂ ಅಲ್ಲಾಡುತ್ತದೆ. ಬಿಗಿ ಹೆಚ್ಚಾದರೆ ಅಂಟು ಬಿಡುತ್ತದೆ.

12 ಅಡಿಯೇ ಏಕೆ? ಲೆಕ್ಕ ಹಾಕಿ ನೋಡಿ. 12 ಅಡಿ ಅಂದರೆ 144 ಇಂಚು. ಸೆಕೆಂಡಿಗೆ 15 ಇಂಚು ಓಡುವ ಯಂತ್ರದಲ್ಲಿ ಒಂದು ಸುತ್ತಿಗೆ 9.6 ಸೆಕೆಂಡು, 30 ಇಂಚಿನ ವೇಗದಲ್ಲಿ 4.8 ಸೆಕೆಂಡು. ಅಂಟಿಸಿದ ಜಾಗ ಹೆಡ್ ದಾಟುವಾಗ ಪ್ರತಿ ಸುತ್ತಿಗೂ ಒಂದು ಸಣ್ಣ ‘ಟುಕ್’ ಬರುತ್ತದೆ. ಲೂಪ್ ಚಿಕ್ಕದಾದರೆ ಈ ಟುಕ್ ತಾಳದಂತೆ ಕೇಳತೊಡಗುತ್ತದೆ. ಉದ್ದವಾದರೆ ಅಪರೂಪಕ್ಕೆ ಬಂದು ಹಿಮ್ಮೇಳದಲ್ಲಿ ಮುಚ್ಚಿಹೋಗುತ್ತದೆ, ಬೇರೆ ಬೇರೆ ಲೂಪಿನ ಟುಕ್‌ಗಳು ಒಂದೇ ಕ್ಷಣಕ್ಕೆ ಬೀಳದಂತೆ ನೋಡಿಕೊಂಡರೆ ಸಾಕು. ಟೇಪನ್ನು ಅಡ್ಡಲಾಗಿ ನೇರ ಕತ್ತರಿಸದೆ 45 ಡಿಗ್ರಿ ಓರೆಗೆ ಕತ್ತರಿಸುವುದು ಆಗಿನ ಎಲ್ಲ ಎಂಜಿನಿಯರುಗಳ ರೂಢಿ. ಅದರ ಕಾರಣವೂ ಇದೇ. ಕಾಲಿಂಚು ಅಗಲದ ಟೇಪಿನಲ್ಲಿ ಓರೆ ಕತ್ತರಿ ಬಿದ್ದರೆ ಹಳೆಯ ಸದ್ದು ಹೋಗಿ ಹೊಸದು ಬರಲು 15 ಇಂಚಿನ ವೇಗದಲ್ಲಿ ಸುಮಾರು 17 ಮಿಲಿಸೆಕೆಂಡ್ ಸಿಗುತ್ತದೆ. ನೇರ ಕತ್ತರಿಯಲ್ಲಿ ಅಷ್ಟೂ ಸಿಗದೆ ಸದ್ದು ಚಟಕ್ಕೆನ್ನುತ್ತದೆ.

ಹೀಗೆ ತಯಾರಾದ ಲೂಪ್‌ಗಳನ್ನು ಒಂದೊಂದಾಗಿ ಮಲ್ಟಿಟ್ರ್ಯಾಕ್ ಟೇಪಿಗೆ (ಹಲವು ಸದ್ದುಗಳನ್ನು ಬೇರೆ ಬೇರೆ ಪಟ್ಟಿಯಲ್ಲಿ ಹಿಡಿಯುವ ಟೇಪು) ತುಂಬಿದ ಮೇಲೆ ಮಿಕ್ಸಿಂಗ್ ಡೆಸ್ಕಿನ ಒಂದೊಂದು ಚಾನೆಲ್‌ನಲ್ಲಿ ಒಂದೊಂದು ಸ್ವರ. ಸದ್ದಿನ ಮಟ್ಟ ಏರಿಳಿಸುವ ಜಾರುಗುಂಡಿಯೇ ಫೇಡರ್. ಅದನ್ನು ಮೇಲೆ ತಳ್ಳಿದರೆ ಆ ಸ್ವರ ಏಳುತ್ತದೆ, ಇಳಿಸಿದರೆ ಅಡಗುತ್ತದೆ. ಮೂರು ನಾಲ್ಕು ಫೇಡರ್ ಒಟ್ಟಿಗೆ ಎತ್ತಿದರೆ ಒಂದು ಕಾರ್ಡ್. ನಾಲ್ವರೂ ಡೆಸ್ಕಿನ ಮುಂದೆ ನಿಂತು ಹಾಡಿನುದ್ದಕ್ಕೂ ಫೇಡರುಗಳನ್ನು ಎತ್ತಿ ಇಳಿಸಿ ನುಡಿಸಿದರು. ಆಗಿನ ಯಂತ್ರದಲ್ಲಿ ಇದ್ದದ್ದೇ 16 ಟ್ರ್ಯಾಕ್. ದನಿಗಳೇ ಅಷ್ಟನ್ನು ನುಂಗಿದರೆ ಬೇರೆ ವಾದ್ಯಕ್ಕೆ ಉಳಿಯುವುದು ಮೂರೋ ನಾಲ್ಕೋ. ನಾಲ್ವರ ಕೈಯೂ ಒಂದೇ ಓಟದಲ್ಲಿ ಸರಿಹೋಗಬೇಕು. ಇವತ್ತಿನಂತೆ ಒಂದು ಕಾರ್ಡ್ ತಪ್ಪಿತೆಂದು ಅದೊಂದನ್ನೇ ಮೌಸ್‌ನಲ್ಲಿ ಎಳೆದು ಸರಿಮಾಡುವ ಹಾಗಿರಲಿಲ್ಲ.

ಇಷ್ಟಾದರೂ ಒಂದು ಸಣ್ಣ ಕೆಲಸ ಮಾಡದಿದ್ದರೆ ಇದೊಂದು ಒಳ್ಳೆಯ ಕೋರಸ್ ಆಗಿ ಮುಗಿಯುತ್ತಿತ್ತು. ಪ್ರತಿ ಫೇಡರಿನ ದಾರಿಯ ಕೆಳತುದಿಗೆ ಸ್ಟುವರ್ಟ್ ಟೇಪು ಅಂಟಿಸಿದರು, ಫೇಡರ್ ಪೂರ್ತಿ ಸೊನ್ನೆಗೆ ಇಳಿಯದ ಹಾಗೆ. ಪರಿಣಾಮ: ಯಾವ ಕಾರ್ಡ್ ನುಡಿಯುತ್ತಿದ್ದರೂ ಉಳಿದ ಎಲ್ಲ ಸ್ವರಗಳೂ ತಳದಲ್ಲಿ ತೀರಾ ಸಣ್ಣಗೆ ಸದಾ ಇರುತ್ತವೆ. ಹನ್ನೆರಡು ಸ್ವರ ಒಟ್ಟಿಗೆ ಕೂಡಿದರೆ ಕಿವಿಗೆ ಅದು ಸ್ವರವಲ್ಲ, ದನಿಯ ಬಣ್ಣ ಹೊತ್ತ ಒಂದು ಸುಯ್ಲು. ಹೆಡ್‌ಫೋನ್ ಹಾಕಿ ಹಾಡಿನ ಖಾಲಿ ಜಾಗಗಳಲ್ಲಿ ಗಮನಿಸಿ, ಟೇಪಿನ ಹಿಸ್ ಅನ್ನಿಸುವುದು ಬಹುಪಾಲು ಮನುಷ್ಯರ ಗಂಟಲೇ. ನನ್ನನ್ನು ಕೇಳಿದರೆ, ಇಡೀ ಹಾಡಿನಲ್ಲಿ ಅತಿ ಅಗ್ಗದ ಮತ್ತು ಅತಿ ಬೆಲೆಬಾಳುವ ವಸ್ತು ಆ ಟೇಪಿನ ಚೂರು.

ಉಳಿದ ವಾದ್ಯಗಳು ಬೆರಳೆಣಿಕೆ. ಮೊದಲೇ ಹಾಕಿದ ಗೈಡ್ ಟ್ರ್ಯಾಕಿನಲ್ಲಿ ಸ್ಟುವರ್ಟ್ ಅವರ ಫೆಂಡರ್ ರೋಡ್ಸ್ ಎಲೆಕ್ಟ್ರಿಕ್ ಪಿಯಾನೊ, ಗೌಲ್ಡ್‌ಮನ್ ಅವರ ಗಿಬ್ಸನ್ 335 ಗಿಟಾರ್, ಬಾಸ್ ಡ್ರಮ್ ಬದಲಿಗೆ ಗಾಡ್ಲಿ ಮೂಗ್ ಸಿಂಥಸೈಜರಿನಲ್ಲಿ ತೆಗೆದ ಮೆತ್ತನೆ ಬಡಿತ. ಡ್ರಮ್ ಸೆಟ್ ಇಲ್ಲದಿರುವುದು ಮುಖ್ಯ: ಸಿಂಬಲ್ ಹೊಡೆದರೆ ಈ ದನಿಯ ಹಾಸು ಅದರ ಕೆಳಗೆ ಮುಚ್ಚಿಹೋಗುತ್ತಿತ್ತು. ನಡುಭಾಗದಲ್ಲಿ ಗೌಲ್ಡ್‌ಮನ್ ಬಾಸ್ ಗಿಟಾರ್ ಸೋಲೊ ಮತ್ತು ಎರಡು ಸಲ ರೆಕಾರ್ಡ್ ಮಾಡಿ ಒಂದಕ್ಕೊಂದು ಫೇಸ್ (ಸದ್ದಿನ ಅಲೆಗಳ ಏರಿಳಿತದ ಹೊಂದಿಕೆ) ತಪ್ಪಿಸಿದ ಆಟಿಕೆ ಮ್ಯೂಸಿಕ್ ಬಾಕ್ಸ್. ‘ಗಂಡುಹುಡುಗರು ಅಳಬಾರದು’ ಎಂಬರ್ಥದ ಪಿಸುಮಾತು ಕ್ರೀಮ್ ಪಿಯಾನೊ ಮೈಕಿನಲ್ಲಿ ಸುಮ್ಮನೆ ಆಡಿದ್ದು. ಅದನ್ನು ಹೇಳಲು ದನಿ ಹುಡುಕುತ್ತಿರುವಾಗ ಸ್ಟುಡಿಯೋದ ಕಾರ್ಯದರ್ಶಿ ಕ್ಯಾಥಿ ರೆಡ್‌ಫರ್ನ್ ಬಾಗಿಲು ತೆರೆದು, ಸ್ಟುವರ್ಟ್‌ಗೆ ಫೋನ್ ಬಂದಿದೆ ಎಂದು ಮೆಲ್ಲಗೆ ಹೇಳಿದರು. ಅದೇ ದನಿ ಸಾಕೆಂದು ಅಲ್ಲೇ ತೀರ್ಮಾನವಾಯಿತು.

ಇನ್ನು ಮನೆಯಲ್ಲಿ ಕಟ್ಟುವ ವಿಷಯ. ಬೇಕಾದದ್ದು ಒಂದು ಕಂಡೆನ್ಸರ್ ಮೈಕ್, ಸಾಧಾರಣ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್. ಸಾಫ್ಟ್‌ವೇರ್ ರೀಪರ್ ಆದರೆ ಅನುಕೂಲ. ಆಡಾಸಿಟಿಯಲ್ಲಿ ರೆಕಾರ್ಡ್ ಮಾಡಬಹುದು, ಆದರೆ ಕಾರ್ಡ್ ನುಡಿಸಲು ಬೇಕಾದ ಫೇಡರ್ ಆಟೊಮೇಶನ್ (ಫೇಡರಿನ ಏರಿಳಿತ ದಾಖಲಾಗುವ ಸೌಲಭ್ಯ) ಅಲ್ಲಿ ತಲೆನೋವು.

ಸ್ವರವ್ಯಾಪ್ತಿ ಮೊದಲು ಗೊತ್ತುಮಾಡಿ. ಗಂಡಸರಿಗೆ ಒಂದನೇ ಮನೆ ಷಡ್ಜದಿಂದ, ಅಂದರೆ ಸುಮಾರು 131 ಹರ್ಟ್ಸ್‌ನಿಂದ 247ರವರೆಗೆ 12 ಸ್ವರ ಹಿತ. ಹೆಂಗಸರಿಗೆ 196ರಿಂದ 370. ಮೂವರು ಸಿಕ್ಕರೆ ಒಂದೇ ಮೈಕಿನ ಸುತ್ತ ನಿಲ್ಲಿಸಿ ಪ್ರತಿ ಸ್ವರಕ್ಕೆ 16 ಟೇಕ್ (ಒಂದು ಸಲದ ರೆಕಾರ್ಡಿಂಗ್ ಒಂದು ಟೇಕ್): 12 ಸ್ವರಕ್ಕೆ 192 ಟೇಕ್. ಒಂದೊಂದು 12 ಸೆಕೆಂಡಿನಂತೆ ಬರೀ 38 ನಿಮಿಷದ ಆಡಿಯೋ, 48 ಕಿಲೋಹರ್ಟ್ಸ್, 24 ಬಿಟ್ ಮೋನೊದಲ್ಲಿ ಸುಮಾರು 330 ಎಂಬಿ. ಕಾಗದದ ಮೇಲೆ ಚಿಕ್ಕ ಕೆಲಸ. ಗಂಟಲಿಗೆ ಚಿಕ್ಕದಲ್ಲ. ಒಂದು ಕೂತಕ್ಕೆ ಮೂರು ನಾಲ್ಕು ಸ್ವರಕ್ಕಿಂತ ಹೆಚ್ಚು ಹಿಡಿಯಬೇಡಿ, ಮೇಲಿನ ಸ್ವರಗಳನ್ನು ಕೊನೆಗೆ ಉಳಿಸಬೇಡಿ. ದಣಿದ ಗಂಟಲು ಉಸಿರಿನ ಕೊನೆಯಲ್ಲಿ ಶ್ರುತಿ ಇಳಿಸುತ್ತದೆ, ಹದಿನಾರು ಟೇಕ್ ಸೇರಿದಾಗ ಆ ಸ್ವರ ಪೂರ್ತಿ ಕೆಳಗೆ ಜಾರಿ ಕೂತಿರುತ್ತದೆ.

ಶ್ರುತಿಗೆ ಏನು ಇಟ್ಟುಕೊಳ್ಳುತ್ತೀರಿ ಎಂಬಲ್ಲಿ ನಮ್ಮ ಸಂಗೀತ ಕಲಿತವರಿಗೆ ಒಂದು ವಿಶೇಷ ಎಚ್ಚರಿಕೆ. ತಂಬೂರಿ ಆ್ಯಪಿನಲ್ಲಿ ಒಂದೇ ಷಡ್ಜ ಇಟ್ಟುಕೊಂಡು ಹನ್ನೆರಡೂ ಸ್ವರಸ್ಥಾನ ಹಾಡಿದರೆ ಅಂತರ ಗಾಂಧಾರ ಸಹಜವಾಗಿ ಕೀಬೋರ್ಡಿನದಕ್ಕಿಂತ 14 ಸೆಂಟ್‌ನಷ್ಟು (ಅರ್ಧ ಮನೆಯ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ ನಿಲ್ಲುತ್ತದೆ. ರಾಗಕ್ಕೆ ಅದೇ ಸರಿ. ಆದರೆ ಇಲ್ಲಿ ಅದೇ ಸ್ವರ ಮುಂದಿನ ಕಾರ್ಡಿನಲ್ಲಿ ಷಡ್ಜವೋ ಪಂಚಮವೋ ಆಗಬೇಕು, ಆಗ ಅಪಸ್ವರ. ಪ್ರತಿ ಸ್ವರಕ್ಕೂ ತಂಬೂರಿಯ ಷಡ್ಜವನ್ನೇ ಅರ್ಧ ಮನೆ ಏರಿಸುತ್ತಾ ಹೋಗಿ, ಇಲ್ಲವೇ ಕೀಬೋರ್ಡಿನ ಒಂದೇ ಸ್ವರವನ್ನು ಒಂದು ಕಿವಿಯಲ್ಲಿ ಇಟ್ಟುಕೊಳ್ಳಿ. ಗಮಕ ಬೇಡ, ಕಂಪನವೂ ಬೇಡ. ಒಬ್ಬರ ಕಂಪನ ಚಂದ, 48 ಜನರದ್ದು ಗಲಿಬಿಲಿ.

ಹಾಗೆಂದು ಶ್ರುತಿ ತಿದ್ದುವ ಪಿಚ್ ಕರೆಕ್ಷನ್ ಹಾಕಿ ಎಲ್ಲವನ್ನೂ ಗೆರೆಗೆ ತರುವುದು ಇನ್ನೊಂದು ತಪ್ಪು, ಬಹಳ ಜನ ಮಾಡುವ ತಪ್ಪು. ಕೋರಸ್ ದಪ್ಪ ಕೇಳುವುದೇ ದನಿಗಳ ನಡುವಿನ ಕೂದಲೆಳೆ ವ್ಯತ್ಯಾಸದಿಂದ. 220 ಹರ್ಟ್ಸ್ ಸ್ವರದಲ್ಲಿ 10 ಸೆಂಟ್ ಅಂದರೆ ಸುಮಾರು 1.3 ಹರ್ಟ್ಸ್, ಎರಡು ದನಿಗಳ ನಡುವೆ ಸೆಕೆಂಡಿಗೆ ಒಂದು ಸಲಕ್ಕಿಂತ ಚೂರು ಹೆಚ್ಚು ಏರಿಳಿತ. ಇಂಥ ನೂರಾರು ನಿಧಾನದ ಏರಿಳಿತ ಬೆರೆತಾಗಲೇ ಆ ಹೊಳಪು. ಎಲ್ಲವನ್ನೂ ಗೆರೆಗೆ ತಂದರೆ ಉಳಿಯುವುದು ಹಾರ್ಮೋನಿಯಂ ಸದ್ದು. 5ರಿಂದ 10 ಸೆಂಟ್ ಆಚೀಚೆ ಇರಲಿ ಬಿಡಿ. 20 ದಾಟಿದ ಟೇಕನ್ನು ಮಾತ್ರ ಎಸೆದು ಮತ್ತೆ ಹಾಡಿ.

ಒಂದು ಟೇಕನ್ನು ಹದಿನೈದು ಸಲ ಕಾಪಿ ಪೇಸ್ಟ್ ಮಾಡಿದರೆ ಕೋರಸ್ ಬರುವುದಿಲ್ಲ. ತದ್ರೂಪಿ ಆಡಿಯೋ ಕೂಡಿದರೆ ಸದ್ದು ಹೆಚ್ಚುತ್ತದೆ, ಅಷ್ಟೇ: ಪ್ರತಿ ದುಪ್ಪಟ್ಟಿಗೆ 6 ಡೆಸಿಬೆಲ್. ಕಾಪಿಗಳನ್ನು ಕೆಲವು ಮಿಲಿಸೆಕೆಂಡ್ ಸರಿಸಿದರೆ ಕೆಲವು ಕಂಪನಾಂಕಗಳು ಪರಸ್ಪರ ಹೊಡೆದುಹಾಕಿ ಪೈಪಿನೊಳಗೆ ಹಾಡಿದಂತೆ ಟೊಳ್ಳಾಗುತ್ತದೆ. ಬೇರೆ ಬೇರೆ ಟೇಕ್‌ಗಳಾದರೆ ದುಪ್ಪಟ್ಟಿಗೆ ಸುಮಾರು 3 ಡೆಸಿಬೆಲ್ ಏರುತ್ತದೆ, ಬಣ್ಣ ಕೆಡುವುದಿಲ್ಲ. ಒಬ್ಬರೇ ಹಾಡುವವರು ಟೇಕಿನಿಂದ ಟೇಕಿಗೆ ಜಾಗ ಬದಲಿಸಬೇಕು: ಮೈಕಿನಿಂದ ಒಂದು ಗೇಣು ದೂರದಲ್ಲಿ ಐದು ಟೇಕ್, ಎರಡಡಿಯಲ್ಲಿ ಐದು, ಐದಡಿಯಲ್ಲಿ ಆರು. ಬಾಯಿಯನ್ನೂ ‘ಆ’ ಮತ್ತು ‘ಓ’ ನಡುವೆ ಚೂರು ಚೂರು ಬದಲಿಸಿ. ಇಲ್ಲದಿದ್ದರೆ ಒಂದೇ ಗಂಟಲಿನ ಮೂಗುತನ 16 ಪಟ್ಟು ಎದ್ದು ಕಾಣುತ್ತದೆ.

ಫ್ಯಾನ್ ಆರಿಸಿ. ಯುಪಿಎಸ್ ಗುಂಯ್‌ಗುಡುವ ಕೋಣೆ ಬೇಡ. ಒಂದು ಟೇಕಿನಲ್ಲಿ ಕೇಳಿಯೂ ಕೇಳದಂತಿರುವ ಫ್ಯಾನ್ ಸದ್ದು ದನಿಗಳ ಜತೆಗೇ ಏರುತ್ತಾ ಬರುತ್ತದೆ, ಹನ್ನೆರಡೂ ಚಾನೆಲ್ ಸದಾ ತೆರೆದಿರುವ ಈ ವಿಧಾನದಲ್ಲಿ ಅದಕ್ಕೆ ಅಡಗಲು ಜಾಗವಿಲ್ಲ.

ಟೇಕ್ ಮುಗಿದ ಮೇಲೆ ಪ್ರತಿಯೊಂದರ ಮೊದಲ ಒಂದು ಸೆಕೆಂಡು, ಕೊನೆಯ ಒಂದು ಸೆಕೆಂಡು ಕತ್ತರಿಸಿ. ಮೊದಲಿನದರಲ್ಲಿ ಸ್ವರ ಹುಡುಕಾಟ ಇರುತ್ತದೆ, ಕೊನೆಯದರಲ್ಲಿ ಉಸಿರು ಸೋತಿರುತ್ತದೆ. ಒಂದು ಸ್ವರದ ಎಲ್ಲ ಟೇಕ್‌ಗಳನ್ನೂ ಎಡಬಲಕ್ಕೆ ಹರಡಿ, 120 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಒಂದು ಸ್ಟೀರಿಯೋ ಫೈಲ್ ಮಾಡಿ. 16 ಟ್ರ್ಯಾಕ್ ಕೂಡಿದಾಗ ಮಟ್ಟ 12 ಡೆಸಿಬೆಲ್ ಏರುತ್ತದೆ, ಅಷ್ಟು ಜಾಗ ಮೊದಲೇ ಬಿಟ್ಟುಕೊಳ್ಳಿ. ಲೂಪ್ ಉದ್ದ 7ರಿಂದ 10 ಸೆಕೆಂಡಿನ ನಡುವೆ, ಹನ್ನೆರಡಕ್ಕೂ ಬೇರೆ ಬೇರೆ: 7.3, 8.1, 9.7 ಹೀಗೆ ಬೆಸವಾಗಿ. ಎಲ್ಲವೂ 8 ಸೆಕೆಂಡೇ ಆದರೆ ಎಲ್ಲ ಬೆಸುಗೆಗಳೂ ಒಟ್ಟಿಗೆ ಬಂದು ಹಾಡು ಎಂಟು ಸೆಕೆಂಡಿಗೊಮ್ಮೆ ಉಸಿರೆಳೆದಂತೆ ಕೇಳುತ್ತದೆ. ಬೆಸುಗೆಗೆ ಅರ್ಧದಿಂದ ಒಂದು ಸೆಕೆಂಡಿನ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಕೊಡಿ, ‘ಈಕ್ವಲ್ ಪವರ್’ ಆಯ್ಕೆಯಲ್ಲೇ. ಲೀನಿಯರ್ ಕೊಟ್ಟರೆ ನಡುವೆ 3 ಡೆಸಿಬೆಲ್ ಗುಂಡಿ ಬೀಳುತ್ತದೆ.

ಈಗ ನುಡಿಸುವುದು. ಕೊರ್ಗ್ ನ್ಯಾನೊಕಂಟ್ರೋಲ್2ನಂಥ ಅಗ್ಗದ ಪೆಟ್ಟಿಗೆಯಲ್ಲಿ ಎಂಟು ಫೇಡರ್ ಇರುತ್ತವೆ, ನಮಗೆ ಬೇಕಾದದ್ದು ಹನ್ನೆರಡು. ಆದರೆ ಒಂದು ಸ್ಕೇಲಿನ ಹಾಡಿಗೆ ಸಾಮಾನ್ಯವಾಗಿ ಏಳು ಸ್ವರ ಸಾಕು. ಆ ಏಳನ್ನು ಫೇಡರಿಗೆ ಕೊಟ್ಟು, ಎಂಟನೆಯದಕ್ಕೆ ಹಾಡಿನಲ್ಲಿ ಹೊರಗಿನಿಂದ ಬರುವ ಸ್ವರ ಕೊಟ್ಟು, ಉಳಿದ ನಾಲ್ಕನ್ನು ತಳಮಟ್ಟದಲ್ಲೇ ನಿಲ್ಲಿಸಿಬಿಡಿ. ಫೇಡರಿನ ಕನಿಷ್ಠ ಬೆಲೆಯನ್ನು ಸಾಫ್ಟ್‌ವೇರಿನಲ್ಲೇ ಕಟ್ಟಿಹಾಕಬಹುದು. ಸ್ಟುವರ್ಟ್ ಅವರ ಟೇಪಿನ ಚೂರಿಗೆ ಇದೇ ಬದಲಿ.

ಆ ತಳಮಟ್ಟ ಎಷ್ಟಿರಬೇಕು? ಕಾರ್ಡಿನ ನಾಲ್ಕು ಸ್ವರ ಬಿಟ್ಟು ಎಂಟು ಉಳಿಯುತ್ತವೆ. ಒಂದೊಂದೂ ಕಾರ್ಡಿನ ಸ್ವರಕ್ಕಿಂತ 30 ಡೆಸಿಬೆಲ್ ಕೆಳಗಿದ್ದರೆ ಎಂಟೂ ಸೇರಿ 21 ಡೆಸಿಬೆಲ್ ಕೆಳಗೆ ಬಂದು ನಿಲ್ಲುತ್ತವೆ, ಸಾಕಷ್ಟು ಕೇಳಿಸುತ್ತದೆ. 34ರಿಂದ ಶುರುಮಾಡಿ ಮೇಲೆ ಬನ್ನಿ. ಹೆಚ್ಚಾದರೆ ಕಾರ್ಡಿನ ಮೇಜರ್ ಮೈನರ್ ಗುರುತೇ ಮಬ್ಬಾಗುತ್ತದೆ. ಪೂರ್ತಿ ತೆಗೆದರೆ ಕಾರ್ಡ್ ಬದಲಾಗುವಾಗಲೆಲ್ಲ ನಡುವೆ ಕತ್ತಲು ಬಡಿಯುತ್ತದೆ. ಎರಡನ್ನೂ ಒಂದೊಂದು ಸಲ ಮಾಡಿ ಕೇಳಿದರೆ ಆ ಹಾಡಿನ ಗುಟ್ಟು ತಾನಾಗಿ ತಿಳಿಯುತ್ತದೆ.

ಫೇಡರನ್ನು ಬೀಟಿಗೆ ಸರಿಯಾಗಿ ಎತ್ತಿದರೆ ಕಾರ್ಡ್ ತಡವಾಗಿ ಬಂದಂತೆ ಕೇಳುತ್ತದೆ, ಏಕೆಂದರೆ ಮೆಲ್ಲನೆ ಏಳುವ ಸದ್ದಿಗೆ ತಲೆಯೇ ಇಲ್ಲ. 200ರಿಂದ 400 ಮಿಲಿಸೆಕೆಂಡ್ ಮೊದಲೇ ಕೈ ಹಚ್ಚಿ. ಎರಡು ಕಾರ್ಡಿಗೂ ಸೇರಿದ ಸ್ವರವನ್ನು ಮುಟ್ಟಬೇಡಿ: ಸಿ ಮೇಜರ್‌ನಿಂದ ಎ ಮೈನರ್‌ಗೆ ಹೋಗುವಾಗ ಸಿ, ಇ ಎರಡೂ ಇದ್ದಲ್ಲೇ ಇರಲಿ, ಜಿ ಇಳಿಯಲಿ, ಎ ಏಳಲಿ. ರಿವರ್ಬ್ (ಕೋಣೆಯ ಅನುರಣನ) ಎರಡು ಸೆಕೆಂಡು ಮೀರದಿರಲಿ, ಮೀರಿದರೆ ಹಿಂದಿನ ಕಾರ್ಡಿನ ಬಾಲ ಮುಂದಿನದರ ಮೇಲೆ ಬೀಳುತ್ತದೆ. ಹಿಮ್ಮೇಳಕ್ಕೆ ಒಂದು ಎಲೆಕ್ಟ್ರಿಕ್ ಪಿಯಾನೊ, ಒಂದು ಮೆತ್ತನೆ ಬಡಿತ ಇಷ್ಟೇ ಇರಲಿ. ತಬಲಾ, ಷೇಕರ್ ಎಂದು ತುಂಬುತ್ತಾ ಹೋದರೆ ಮೊದಲು ಮಾಯವಾಗುವುದು ತಳದ ಸುಯ್ಲು.

ಹೀಗೆ ಮಾಡಿಟ್ಟ ಹನ್ನೆರಡು ಫೈಲು ಒಂದೇ ಹಾಡಿಗೆ ಮುಗಿಯುವ ಸರಕಲ್ಲ. ಬಿಲ್ಲಿ ಜೋಯೆಲ್ ಅವರ 1977ರ ‘ಜಸ್ಟ್ ದ ವೇ ಯು ಆರ್’ ಹಾಡಿನಲ್ಲಿ ನಿರ್ಮಾಪಕ ಫಿಲ್ ರಮೋನ್ ಇದೇ ಜಾಡಿನ ದನಿ ಲೂಪ್‌ಗಳನ್ನು ಬಳಸಿದರು. ಅಲ್ಲಿ ಸ್ಯಾಕ್ಸೊಫೋನ್, ಡ್ರಮ್ ಎಲ್ಲ ಇರುವುದರಿಂದ ಹಾಸು ಹಿಂದೆ ಸರಿದಿದೆ, ಆದರೂ ಗುರುತು ಸಿಗುತ್ತದೆ.

ಕೊನೆಗೆ ಮಿಕ್ಸನ್ನು ಮೋನೊದಲ್ಲಿ ಕೇಳಲೇಬೇಕು. 1975ರಲ್ಲಿ ಬಿಬಿಸಿ ರೇಡಿಯೊ 1 ಮುಖ್ಯವಾಗಿ ಬರುತ್ತಿದ್ದದ್ದು 247 ಮೀಟರ್ ಮೀಡಿಯಂ ವೇವ್‌ನಲ್ಲಿ, ಅಂದರೆ ಮೋನೊ. ಎಡಬಲಕ್ಕೆ ಹರಡಿದ ದನಿಗಳು ನಡುವೆ ಬಂದು ಮುಖ್ಯ ಗಾಯಕನ ಮೇಲೆ ಕೂರುತ್ತವೆಯೇ ನೋಡಿ. ಕೂತರೆ ಹಾಸನ್ನು 2 ಡೆಸಿಬೆಲ್ ಇಳಿಸಿ. ಮ್ಯೂಸಿಕ್ ಬಾಕ್ಸಿನಂಥ ಸದ್ದನ್ನು ಒಂದೇ ಸಲ ರೆಕಾರ್ಡ್ ಮಾಡಿ, ಕಾಪಿಯ ಫೇಸ್ ತಿರುಗಿಸಿ ಎಡಬಲಕ್ಕೆ ಹಾಕಿದ್ದರೆ ಒಂದೇ ಸ್ಪೀಕರಿನ ಫೋನಿನಲ್ಲಿ ಅದು ಪೂರ್ತಿ ಮಾಯ. ಎರಡು ಸಲ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿದ್ದರೆ ಸಣ್ಣದಾಗಿಯಾದರೂ ಉಳಿಯುತ್ತದೆ.